ಸೆಲೀನಾ ನೋಡದ ಗೋಲು

ಶುಕ್ರವಾರ ಸಂಜೆ ಬಟ್ಟೆ ಗಿರಣಿ ಬಿಟ್ಟ ಮೇಲೆ ಇಂಗ್ಲೆಂಡಿನ ಬರ್ನ್ಲಿ ಊರಿನ ಹೆಂಗಸರೆಲ್ಲ ಹೊಸಿಲು ತಿಕ್ಕಲು ಕೂರುತ್ತಾರೆ. ಮೊಣಕಾಲಿನ ಕೆಳಗೆ ಗೋಣಿ ಮಡಚಿ ಹಾಕಿಕೊಂಡು, ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿದ ಬೆನ್ನುಗಳೇ ಬೆನ್ನುಗಳು. ಮೊದಲು ಬ್ರಷ್ಷು, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಹಳೇ ಬಟ್ಟೆಯವನು ಚಿಂದಿಗೆ ಬದಲಾಗಿ ಕೊಡುವ ತಿಕ್ಕುಗಲ್ಲಿನಿಂದ ಹೊಸಿಲ ಅಂಚಿಗೆ ಒಂದು ಬಿಳಿ ಗೆರೆ. ಗೆರೆ ಒಣಗುವವರೆಗೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಒಣಗಿದ ಮೇಲೂ ಇಡುವಂತಿಲ್ಲ. ಮನೆಯ ಗಂಡಸು ದಾಟಿಕೊಂಡೇ ಒಳಗೆ ಹೋಗಬೇಕು, ಪಾದ್ರಿಗಳು ಬಂದರೂ ದಾಟಿಕೊಂಡೇ ಬರಬೇಕು.

1914ರ ಏಪ್ರಿಲ್ ತಿಂಗಳ ಆ ಶುಕ್ರವಾರ ಮಾತ್ರ ಬೀದಿಯಲ್ಲಿ ಒಂದೇ ಒಂದು ಬೆನ್ನು ಬಗ್ಗಿತ್ತು. ಮಿಕ್ಕವರೆಲ್ಲ ಲಂಡನ್ನಿನ ರೈಲಿಗೆ ಬುತ್ತಿ ಕಟ್ಟುತ್ತಿದ್ದರು. ಮರುದಿನ ಲಿವರ್‌ಪೂಲಿನ ಎದುರು ಫುಟ್‌ಬಾಲ್ ಕಪ್ಪಿನ ಅಂತಿಮ ಪಂದ್ಯ. ಬರ್ನ್ಲಿ ಅಲ್ಲಿಯವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಸಾಲದ್ದಕ್ಕೆ ದೊರೆಯೇ ಖುದ್ದಾಗಿ ಆಟ ನೋಡಲು ಬರುತ್ತಾನಂತೆ.

"ಸೆಲೀನಾ, ನೀನು ಹೀಗೆ ಕಲ್ಲು ತಿಕ್ತಾ ಕೂತ್ರೆ ದೊರೆ ನಮಗೋಸ್ಕರ ಕಾಯ್ತಾನಾ?" ಎಂದ ಗಂಡ ಏಮಸ್. ಅವನು ಬುಟ್ಟಿ ಹಿಡಿದುಕೊಂಡು ಬಾಗಿಲೊಳಗೆ ನಿಂತಿದ್ದ. ಹೊರಗೆ ಬರಬೇಕೆಂದರೆ ಹೊಸಿಲು ಇನ್ನೂ ಒದ್ದೆ.

"ದೊರೆಗೂ ಮನೇಲಿ ಹೆಂಡತಿ ಇದ್ದಾಳೆ. ಅವಳ ಹೊಸಿಲು ಹೇಗಿದ್ಯೋ ಗೊತ್ತಿಲ್ಲ. ನನ್ನದು ಹೀಗಿರ್ಬೇಕು."

"ನಾವೇ ಊರಲ್ಲಿರಲ್ಲ. ಯಾರು ನೋಡ್ತಾರೆ ಇದನ್ನ?"

ಸೆಲೀನಾ ತಿಕ್ಕುಗಲ್ಲನ್ನು ಮತ್ತೆ ಅಂಚಿಗೆ ಒತ್ತಿದಳು. ಆ ಹೊಸಿಲನ್ನು ಅವಳು ಮೂರು ವರ್ಷದಿಂದ ಬೇರೆಯವರಿಗಿಂತ ಒಂದು ಕೈ ಹೆಚ್ಚಾಗಿಯೇ ತಿಕ್ಕುತ್ತಿದ್ದಳು. ಯಾಕೆಂದು ಬೀದಿಗೆಲ್ಲ ಗೊತ್ತಿತ್ತು. ಅವಳ ಮುಂದೆ ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ.

ಸೆಲೀನಾಳಿಗೆ ಒಬ್ಬ ತಂಗಿ, ಲೆಟ್ಟಿ. ಹದಿನಾಲ್ಕು ವರ್ಷ ಚಿಕ್ಕವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಲೆಟ್ಟಿಗೆ ಗಂಜಿ ಕುಡಿಸಿದ್ದು, ಜಡೆ ಹಾಕಿದ್ದು, ನೆಗಡಿ ಬಂದಾಗ ಎದೆಗೆ ಹಂದಿಕೊಬ್ಬು ಹಚ್ಚಿ ಮಲಗಿಸಿದ್ದು ಎಲ್ಲ ಅಕ್ಕನೇ. ಗಿರಣಿಗೆ ಸೇರಿದಾಗ ಕೈ ಎಟುಕದ ಹುಡುಗಿಯನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಲಾಳಿಗೆ ನೂಲು ಪೋಣಿಸುವುದನ್ನು ಕಲಿಸಿದ್ದೂ ಅವಳೇ. ತುಟಿಮಾತು ಕಲಿಸಿದ್ದೂ ಅವಳೇ.

ಸಾವಿರ ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೆ ನಮ್ಮ ದನಿ ನಮಗೇ ಕೇಳುವುದಿಲ್ಲ. ಹಾಗಾಗಿ ಬರ್ನ್ಲಿಯ ನೇಕಾರರು ದನಿಯನ್ನೇ ಬಿಟ್ಟು, ಬರೀ ತುಟಿಯಿಂದ ಮಾತಾಡುತ್ತಾರೆ. ಬಾಯಿ ಅಗಲಿಸಿ, ಹುಬ್ಬು ಹಾರಿಸಿ, ಬೇಕಾದಲ್ಲಿ ಕೈಯನ್ನೂ ಸೇರಿಸಿ. ಆ ಮೂಲೆಯವಳು ಈ ಮೂಲೆಯವಳಿಗೆ ನಿನ್ನೆ ರಾತ್ರಿ ಏನು ಅಡುಗೆ ಮಾಡಿದೆ, ಅದಕ್ಕೆ ಗಂಡ ಏನಂದ ಎನ್ನುವುದನ್ನೆಲ್ಲ ಹೇಳಿ ಮುಗಿಸುತ್ತಾಳೆ, ನೂಲು ಒಂದೂ ಕಡಿಯುವುದಿಲ್ಲ. ಇದರಲ್ಲಿ ಒಂದೇ ತೊಡಕು. ತುಟಿಮಾತಿನಲ್ಲಿ ಪಿಸುಗುಡುವುದು ಎಂಬುದಿಲ್ಲ. ನೋಡುವ ಕಣ್ಣಿದ್ದವರಿಗೆಲ್ಲ ಅದು ಕೇಳಿಸುತ್ತದೆ.

ಲೆಟ್ಟಿಯ ಮದುವೆ ಸುದ್ದಿ ಸೆಲೀನಾಳಿಗೆ ತಿಳಿದದ್ದು ಹಾಗೆಯೇ. ಗಿರಣಿಯ ಬಾಯ್ಲರು ರಿಪೇರಿಗೆಂದು ಲಿವರ್‌ಪೂಲಿನಿಂದ ಡೆನಿಸ್ ಎನ್ನುವ ಒಬ್ಬ ಬಂದಿದ್ದ. ಹಡಗುಗಳ ಬಾಯ್ಲರು ಕೆಲಸದವನು. ರಿಪೇರಿ ಒಂದು ವಾರದ್ದು, ಆಸಾಮಿ ಉಳಿದದ್ದು ಒಂದು ತಿಂಗಳು. ಒಂದು ದಿನ ಸೆಲೀನಾ ಮಗ್ಗದಲ್ಲಿ ಹಾಸಿನ ಎಳೆ ಸರಿಮಾಡಿ ತಲೆ ಎತ್ತಿದರೆ, ದೂರದಲ್ಲಿ ಲೆಟ್ಟಿ ತನ್ನ ಗೆಳತಿಗೆ ಹೇಳುತ್ತಿದ್ದಳು: "ಡೆನಿಸ್‌ನ ಮದುವೆ ಆಗ್ತೀನಿ. ಲಿವರ್‌ಪೂಲಿಗೆ ಹೋಗ್ತೀನಿ. ಅಕ್ಕಂಗೆ ಇನ್ನೂ ಹೇಳಿಲ್ಲ."

ಅಕ್ಕ ಸುತ್ತ ನೋಡಿದಳು. ಶೆಡ್ಡಿನ ಹೆಂಗಸರೆಲ್ಲ ಲೆಟ್ಟಿಯನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದರು. ತಾನು ಸಾಕಿದ ಮಗುವಿನ ಮದುವೆ ಊರಿಗೆಲ್ಲ ತಿಳಿದು ತನಗೆ ಕೊನೆಗೆ.  ಅವಳು ಲೆಟ್ಟಿಯ ಕಡೆ ತಿರುಗಿ, ಬಾಯಿ ದೊಡ್ಡದಾಗಿ ತೆರೆದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ನನ್ನ ಹೊಸಿಲು ತುಳೀಬೇಡ. ಇನ್ಯಾವತ್ತೂ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲೆಟ್ಟಿ ಆ ಶನಿವಾರವೇ ಹೊರಟುಹೋದಳು. ಸೆಲೀನಾ ಮದುವೆಗೆ ಹೋಗಲಿಲ್ಲ. ಸಿಟ್ಟು ಇಳಿಯಲು ಒಂದು ತಿಂಗಳು ಹಿಡಿಯಿತು. ಅದು ಇಳಿದ ಮೇಲೆ ಉಳಿದದ್ದು ಇನ್ನೂ ಕೆಟ್ಟದ್ದಾಗಿತ್ತು. ಯಾಕೆಂದರೆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಎಲ್ಲರ ಕಣ್ಣೆದುರು ಆಡಿದ ಮಾತನ್ನು ಎಲ್ಲರ ಕಣ್ಣೆದುರೇ ವಾಪಸು ತೆಗೆದುಕೊಳ್ಳಬೇಕು. ಮೂಲೆಗೆ ಕರೆದು ಕ್ಷಮೆ ಕೇಳುವವರನ್ನು ಅಲ್ಲಿ ಹೇಡಿ ಎನ್ನುತ್ತಾರೆ.

"ನೀನು ಉಗಿದದ್ದು ಶೆಡ್ಡಲ್ಲಿ, ನುಂಗೋದೂ ಶೆಡ್ಡಲ್ಲೇ ಆಗ್ಬೇಕು," ಎಂದು ಪಕ್ಕದ ಮಗ್ಗದ ಹೆಪ್ಸಿ ಒಮ್ಮೆ ಹೇಳಿದ್ದಳು. ಹೆಪ್ಸಿ ದಪ್ಪ ಹೆಂಗಸು, ಊರಿನ ವಿಷಯ ತನ್ನದೇ ವಿಷಯ ಎಂದುಕೊಂಡವಳು, ಆದರೆ ಮನಸ್ಸು ಮೆತ್ತಗೆ.

"ಅವಳು ಶೆಡ್ಡಲ್ಲಿದ್ರೆ ತಾನೇ ನುಂಗೋದು?" ಎಂದಿದ್ದಳು ಸೆಲೀನಾ.



ಪಂದ್ಯದ ಶನಿವಾರ ಬೆಳಗಿನ ಹೊತ್ತಿಗೆ ಬರ್ನ್ಲಿಯ ಅರ್ಧ ಊರು ಲಂಡನ್ನಿನ ಬೀದಿಗಳಲ್ಲಿ ಮರದ ಅಟ್ಟೆಯ ಜೋಡು ಟಕಟಕ ಎನ್ನಿಸುತ್ತ ನಡೆಯುತ್ತಿತ್ತು. ಬರ್ನ್ಲಿ ತಂಡದ ದ್ರಾಕ್ಷಿ ಬಣ್ಣ, ತಿಳಿನೀಲಿ, ಎರಡೂ ಸೇರಿದ ರಿಬ್ಬನ್ನು ಎಲ್ಲರ ಟೋಪಿಯಲ್ಲೂ. ಏಮಸ್ ತನ್ನ ನಾಯಿಮರಿಗೂ ಒಂದು ಕಟ್ಟುತ್ತಿದ್ದನೇನೋ, ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ತನ್ನ ಊರುಗೋಲಿಗೆ ಕಟ್ಟಿದ್ದ. ಏಮಸ್ ಗಿರಣಿಯಲ್ಲಿ ಮಗ್ಗ ಸರಿಪಡಿಸುವ ಮೇಸ್ತ್ರಿ. ಮಗ್ಗದ ಮೇಸ್ತ್ರಿಗಳಿಗೆ ತಲೆ ಸ್ವಲ್ಪ ನಿಧಾನ ಎನ್ನುವುದು ಊರಿನ ಹಳೇ ತಮಾಷೆ. ಕಿಟಕಿಗೆ ಬಣ್ಣ ಹೊಡೆಯಲು ಹೇಳಿದರೆ ಗಾಜಿಗೂ ಹೊಡೆಯುತ್ತಾರಂತೆ. ಏಮಸ್ ಅದನ್ನು ತಾನೇ ಹೇಳಿ ತಾನೇ ಮೊದಲು ನಗುತ್ತಿದ್ದ.

ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮರಗಳ ಕೊಂಬೆಯಲ್ಲೂ ಜನ. ಬಿಸಿಲು ಬೇರೆ. ಬರ್ನ್ಲಿಯವರು ಮೈದಾನದ ಸುತ್ತಲಿನ ದಿಬ್ಬದ ಒಂದು ಮೂಲೆಯಲ್ಲಿ, ದಿಬ್ಬ ಬಾಗಿ ಆಚೆ ಬದಿಗೆ ತಿರುಗುವಲ್ಲಿ ಗುಂಪಾಗಿ ನಿಂತರು. ಬಾಗಿದ ಆ ಬದಿಯಲ್ಲಿ ಕೆಂಪು ರಿಬ್ಬನ್ನಿನ ಲಿವರ್‌ಪೂಲ್ ಜನ. ಸೆಲೀನಾ ಬುಟ್ಟಿಯಿಂದ ಮಾಂಸ ಆಲೂಗಡ್ಡೆಯ ಕಡುಬು ತೆಗೆದು ಹಂಚಿದಳು. ಹೆಪ್ಸಿ ಎರಡು ತಿಂದು, ಮೂರನೆಯದನ್ನು ದೊರೆಗೆಂದು ಎತ್ತಿಟ್ಟುಕೊಂಡಳು. ದೊರೆ ಬಂದ, ದೂರದಲ್ಲಿ ಒಂದು ಕಪ್ಪು ಟೋಪಿ ಮೇಲೆ ಹೋಗಿ ಕೆಳಗೆ ಬಂತು. ಹೆಪ್ಸಿ ಕಡುಬನ್ನು ತಾನೇ ತಿಂದಳು.

ಆಟ ಶುರುವಾಯಿತು. ಮೊದಲ ಅರ್ಧದಲ್ಲಿ ಏನೂ ಆಗಲಿಲ್ಲ. ಒಣಗಿದ ನೆಲದಲ್ಲಿ ಚೆಂಡು ಕಪ್ಪೆಯ ಹಾಗೆ ಹಾರುತ್ತಿತ್ತು, ಇಪ್ಪತ್ತೆರಡು ಜನ ಅದರ ಹಿಂದೆ ಧೂಳೆಬ್ಬಿಸುತ್ತಿದ್ದರು. ಏಮಸ್‌ನ ಬಾಯಿ ತೆರೆದದ್ದು ಮುಚ್ಚಿರಲಿಲ್ಲ. ಬಿಡುವು ಬಿದ್ದು ವಾದ್ಯದವರು ಮೈದಾನಕ್ಕೆ ಇಳಿದಾಗ ಹೆಪ್ಸಿ ಸೆಲೀನಾಳ ತೋಳನ್ನು ಹಿಡಿದಳು.

"ಈಗ ನಾನೊಂದು ಹೇಳ್ತೀನಿ. ಕೂಗಾಡಬೇಡ. ಆ ಕೆಂಪು ರಿಬ್ಬನ್ನಿನ ಟೋಪಿ ನೋಡು. ಗೂಟದ ಪಕ್ಕದಲ್ಲಿ."

ಸೆಲೀನಾ ನೋಡಿದಳು. ಟೋಪಿಯ ಕೆಳಗೆ ಲೆಟ್ಟಿ ಇದ್ದಳು. ಮುಖ ದುಂಡಗಾಗಿತ್ತು. ಪಕ್ಕದಲ್ಲಿ ಡೆನಿಸ್ ಎರಡೂ ತೋಳು ಅಗಲಿಸಿ ಜನ ಅವಳ ಮೇಲೆ ಬೀಳದ ಹಾಗೆ ಬೇಲಿ ಕಟ್ಟಿದ ಹಾಗೆ ನಿಂತಿದ್ದ. ಯಾಕೆ ಹಾಗೆ ನಿಂತಿದ್ದಾನೆ ಎನ್ನುವುದು ಸೆಲೀನಾಳಿಗೆ ಒಂದು ಕ್ಷಣ ಬಿಟ್ಟು ತಿಳಿಯಿತು. ಲೆಟ್ಟಿ ತುಂಬಿದ ಬಸುರಿ.

"ಏಳು ತಿಂಗಳು ಇರ್ಬೇಕು," ಎಂದಳು ಹೆಪ್ಸಿ.

ಸೆಲೀನಾಳ ಕಣ್ಣು ಮಾತ್ರ ಕೆಂಪು ರಿಬ್ಬನ್ನಿನಲ್ಲೇ ಸಿಕ್ಕಿಕೊಂಡಿತ್ತು. ಬರ್ನ್ಲಿಯಲ್ಲಿ ಹುಟ್ಟಿ ಲಿವರ್‌ಪೂಲಿನ ಕೆಂಪು. ಅವಳು ಮುಖ ತಿರುಗಿಸಬೇಕೆನ್ನುವಷ್ಟರಲ್ಲಿ ಲೆಟ್ಟಿಯೂ ನೋಡಿದಳು. ಇಬ್ಬರ ನಡುವೆ ನೂರಾರು ತಲೆ. ದಾಟಿಕೊಂಡು ಹೋಗಲು ಇಲಿಗೂ ಜಾಗವಿಲ್ಲ.  ಲೆಟ್ಟಿಯ ತುಟಿ ಅಲುಗಿತು.

"ಅಕ್ಕ, ನಿನ್ನ ಟೋಪಿ ಸೊಟ್ಟಗಿದೆ."

ಸೆಲೀನಾ ಸಿಟ್ಟು ಮಾಡಿಕೊಳ್ಳುವ ಮೊದಲೇ ಅವಳ ಕೈ ಟೋಪಿಗೆ ಹೋಗಿಬಿಟ್ಟಿತ್ತು. ಸರಿಮಾಡಿಕೊಂಡಳು. ಈಗ ಏನಾದರೂ ಹೇಳಲೇಬೇಕಾಯಿತು.

"ನಿನ್ನದಕ್ಕೆ ಏನು ರೋಗ? ಕೆಂಪು ಹಾಕ್ಕೊಂಡಿದ್ದೀಯ."

ಲೆಟ್ಟಿ ಮೆಲ್ಲಗೆ ತಲೆ ತಿರುಗಿಸಿದಳು. ಟೋಪಿಯ ಇನ್ನೊಂದು ಬದಿಯಲ್ಲಿ ದ್ರಾಕ್ಷಿ ಬಣ್ಣದ್ದೂ ನೀಲಿಯದೂ ರಿಬ್ಬನ್ನು ಇತ್ತು. ಕೆಂಪಿಗಿಂತ ಒಂದು ಸುತ್ತು ದೊಡ್ಡದೇ.

"ಡೆನಿಸ್ ಈ ಬದೀಲಿ ನಿಂತಿದ್ದಾನೆ," ಎಂದಳು ಲೆಟ್ಟಿ. "ಅವನಿಗೆ ಕಾಣಿಸೋದು ಕೆಂಪು ಮಾತ್ರ."

ಸೆಲೀನಾಳ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ತಿರುಗಿ ನೋಡಿದರೆ ಬರ್ನ್ಲಿ ಗುಂಪಿನ ಹೆಂಗಸರೆಲ್ಲ, ಮೇಲಿನ ಸಾಲಿನವರು ಕುತ್ತಿಗೆ ಚಾಚಿ, ಕೆಳಗಿನವರು ಹಿಂದಕ್ಕೆ ತಿರುಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಬ್ಬರ ತುಟಿಗಳನ್ನೇ ನೋಡುತ್ತಿದ್ದರು. ಅದೇ ಶೆಡ್ಡಿನವರು. ಅಂದು ನೋಡಿದವರೇ.

ಹೆಪ್ಸಿ ಅವಳ ಕಿವಿಯ ಹತ್ತಿರ ಬಂದಳು. "ಶೆಡ್ಡಲ್ಲೇ ನುಂಗ್ಬೇಕು ಅಂದಿದ್ನಲ್ಲ. ನೋಡು, ಶೆಡ್ಡೇ ಇಲ್ಲಿಗೆ ಬಂದಿದೆ."

 ಆಟಗಾರರು ಮತ್ತೆ ಮೈದಾನಕ್ಕೆ ಇಳಿದರು, ಎಪ್ಪತ್ತು ಸಾವಿರ ಗಂಟಲು ಒಟ್ಟಿಗೆ ತೆರೆದುಕೊಂಡವು. ಶೆಡ್ಡಿನ ಸದ್ದೇ. ಅದರಲ್ಲಿ ಸೆಲೀನಾಳಿಗೆ ಸ್ವಲ್ಪ ಧೈರ್ಯ ಬಂತು.

"ನನಗ್ಯಾಕೆ ಮೊದಲು ಹೇಳ್ಲಿಲ್ಲ?" ಎಂದಳು.

"ಹೆದರಿಕೆ ಆಯ್ತು."

"ನನ್ನ ಬೈಗುಳಕ್ಕಾ? ಚಿಕ್ಕವಳಿದ್ದಾಗಿಂದ ತಿಂದಿದ್ದೀಯಲ್ಲ."

"ಬೈದ್ರೆ ತಡ್ಕೋತೀನಿ. ನೀನು ಅಳ್ತೀಯ ಅಂತ ಹೆದರಿಕೆ. ನೀನು ಅತ್ತಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ."

ಮೇಲಿನ ಸಾಲಿನಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ಇನ್ನೊಬ್ಬಳು, "ಸೆಲೀನಾ, ಸ್ವಲ್ಪ ಈ ಕಡೆ ತಿರುಗಿ ಮಾತಾಡೇ, ನಮಗೆ ಕಾಣಿಸ್ತಿಲ್ಲ," ಎಂದು ಕೂಗಿದಳು. ಹೆಪ್ಸಿಯ ಮುಂದೆ ಲಂಡನ್ನಿನ ಒಬ್ಬ ಉದ್ದನೆಯ ಮನುಷ್ಯ ದುಂಡು ಟೋಪಿ ಹಾಕಿಕೊಂಡು ನಿಂತಿದ್ದ. ಹೆಪ್ಸಿ ಅದನ್ನು ಅವನ ತಲೆಯಿಂದ ತೆಗೆದು ಅವನ ಕೈಗೇ ಕೊಟ್ಟಳು.

"ನಿಮಗೆ ಆಟ ಕಾಣಿಸ್ತಿರಲಿಲ್ವೇನಮ್ಮಾ?" ಎಂದ ಅವನು ಮರ್ಯಾದೆಯಿಂದ.

"ಆಟ ಯಾರಿಗೆ ಬೇಕಾಗಿದೆ ಸ್ವಾಮಿ. ಸುಮ್ನೆ ನಿಂತ್ಕೊಳ್ಳಿ."

ಅತ್ತ ಡೆನಿಸ್ ಹೆಂಡತಿಯ ಮುಖವನ್ನು ಬಗ್ಗಿ ನೋಡುತ್ತಿದ್ದ. ಸದ್ದಿಲ್ಲದೆ ಹೀಗೆ ಬಾಯಿ ಅಗಲಿಸುತ್ತಿದ್ದಾಳಲ್ಲ, ಹಲ್ಲುನೋವೋ ಏನೋ ಎಂದು ಅವಳ ದವಡೆ ಮುಟ್ಟಿದ. ಲೆಟ್ಟಿ ಅವನ ಕೈಯನ್ನು ಸರಿಸಿದಳು.

"ಅಕ್ಕ, ಅಪ್ಪನ ತೊಟ್ಟಿಲು ಇನ್ನೂ ಇದ್ಯಾ?"

ತೊಟ್ಟಿಲು ಅಟ್ಟದಲ್ಲಿತ್ತು. ಅಪ್ಪ ತನ್ನ ಕೈಯಾರೆ ಮಾಡಿದ್ದು. ಸೆಲೀನಾಳೂ ಲೆಟ್ಟಿಯೂ ಅದರಲ್ಲೇ ಮಲಗಿ ಬೆಳೆದವರು. ಸೆಲೀನಾಳಿಗೂ ಏಮಸ್‌ಗೂ ಮಕ್ಕಳಾಗಲಿಲ್ಲ, ಹಾಗಾಗಿ ಈಗ ಅದರಲ್ಲಿ ಆಲೂಗಡ್ಡೆ ತುಂಬಿಸಿಟ್ಟಿದ್ದರು.

"ಇದೆ," ಎಂದಳು ಸೆಲೀನಾ.

 ಲೆಟ್ಟಿ ಕೊಡು ಎನ್ನಲಿಲ್ಲ, ಬರಲಾ ಎನ್ನಲಿಲ್ಲ. ಹೊಸಿಲು ತುಳಿಯಬೇಡ ಎನ್ನಿಸಿಕೊಂಡವಳು ಹೇಗೆ ಕೇಳಿಯಾಳು. ಅವಳು ಸುಮ್ಮನೆ ಕಾಯುತ್ತ ನಿಂತಳು, ಹಿಂದೆ ಪೆಟ್ಟಿಗೆಯ ಮೇಲೆ ನಿಂತು, ಕಡಿದ ನೂಲನ್ನು ಅಕ್ಕ ಬಂದು ಸೇರಿಸಲಿ ಎಂದು ಕಾಯುತ್ತಿದ್ದ ಹಾಗೆ.

ಮೈದಾನದಲ್ಲಿ ಏನೋ ಆಗುತ್ತಿತ್ತು. ಸದ್ದು ಏರುತ್ತಿತ್ತು. ಏಮಸ್ ಊರುಗೋಲು ಎತ್ತಿ, "ಒದಿ, ಒದಿಯೋ," ಎಂದು ಅರಚುತ್ತಿದ್ದ. ಸೆಲೀನಾ ಅತ್ತ ತಿರುಗಲಿಲ್ಲ. ಬಾಯಿ ದೊಡ್ಡದಾಗಿ ತೆರೆದು, ಅಂದಿನ ಹಾಗೆಯೇ ಒಂದೊಂದೇ ಮಾತನ್ನು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಹೇಳಿದಳು:

"ನಾನು ಅಂದಿದ್ದು ತಪ್ಪು. ನನ್ನ ಹೊಸಿಲು ನಿನ್ನದು. ಬಂದು ತುಳಿ."

ಮಾತಿನ ನಡುವೆಯೇ ದಿಬ್ಬಕ್ಕೆ ದಿಬ್ಬವೇ ಎದ್ದು ನಿಂತಿತು. ಕೈಗಳು, ಟೋಪಿಗಳು, ಕೋಲುಗಳು, ಗಿಲಕಿಗಳು, ಎಲ್ಲ ಒಟ್ಟಿಗೆ ಆಕಾಶಕ್ಕೆ ಹೋದವು. ಏಮಸ್ ಹೆಂಡತಿಯ ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿದ. "ನೋಡಿದ್ಯಾ? ಸೆಲೀನಾ, ನೋಡಿದ್ಯಾ ಅದನ್ನ?"

"ಇಳಿಸೋ ನನ್ನ, ಇಳಿಸು," ಎನ್ನುತ್ತಿದ್ದಳು ಅವಳು. ಇಳಿದು, ತುದಿಗಾಲಲ್ಲಿ ನಿಂತು ನೋಡಿದಾಗ ಗೂಟದ ಪಕ್ಕದಲ್ಲಿ ಬೇರೆ ಯಾರೋ ಇದ್ದರು. ಲೆಟ್ಟಿ ಇರಲಿಲ್ಲ. ಡೆನಿಸ್ ಕೂಡ ಇರಲಿಲ್ಲ.

ಬರ್ನ್ಲಿ ಆ ಒಂದೇ ಗೋಲಿನಿಂದ ಗೆದ್ದಿತು. ದೊರೆಯ ಕೈಯಿಂದ ಕಪ್ಪು ತೆಗೆದುಕೊಂಡಿತು. ಸೆಲೀನಾ ಅದನ್ನೂ ಸರಿಯಾಗಿ ನೋಡಲಿಲ್ಲ. ಹೊರಡುವ ಜನದ ಹೊಳೆಯಲ್ಲಿ ಎರಡು ಬಣ್ಣದ ಟೋಪಿಯೊಂದನ್ನು ಹುಡುಕುತ್ತಿದ್ದಳು. ಲಿವರ್‌ಪೂಲಿನವರ ರೈಲು ಬೇರೆ ನಿಲ್ದಾಣದಿಂದ.

ವಾಪಸು ಬರುವಾಗ ರೈಲಿನ ಡಬ್ಬಿಯ ಒಂದು ಬದಿಯಲ್ಲಿ ಗಂಡಸರು ಗೋಲಿನ ಬಗ್ಗೆ ವಾದಿಸುತ್ತಿದ್ದರು, ಇನ್ನೊಂದು ಬದಿಯಲ್ಲಿ ಹೆಂಗಸರು ಲೆಟ್ಟಿಯ ಬಗ್ಗೆ.

"ನೋಡಿದಳು ಕಣೇ. ನಾನು ಅವಳ ಮುಖಾನೇ ನೋಡ್ತಿದ್ದೆ. ಹುಬ್ಬು ಮೇಲೆ ಹೋಯ್ತು," ಎಂದಳು ಹೆಪ್ಸಿ.

"ಹುಬ್ಬು ಹೋಗಿದ್ದು ಗೋಲಿಗೆ. 'ತಪ್ಪು' ಅನ್ನೋವರೆಗೂ ಅವಳಿಗೆ ಕಾಣ್ತು. ಆಮೇಲೆ ಒಬ್ಬ ಕುಳ್ಳ ಎಗರಿದ," ಎಂದಳು ಇನ್ನೊಬ್ಬಳು.

"ಕುಳ್ಳ ಎಗರಿದ್ರೆ ಎಷ್ಟು ಎಗರ್ತಾನೆ?"

"ಗೆದ್ದವರ ಕಡೆ ಕುಳ್ಳ. ಚೆನ್ನಾಗೇ ಎಗರಿದ."

ಏಮಸ್ ಇಣುಕಿದ. "ಏನು, ಗೋಲಿನ ವಿಷಯಾನಾ? ಹೇಳ್ತೀನಿ ಕೇಳಿ. ಒಬ್ಬ ತಲೇಲಿ ಇಳಿಸಿದ್ನಾ..."

"ನೀನು ಆ ಕಡೆ ಹೋಗು," ಎಂದರು ಹೆಂಗಸರೆಲ್ಲ ಒಟ್ಟಿಗೆ. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಲಂಡನ್ನಿನವರೆಗೆ ಹೋಗಿ, ಕಾಲು ಸೋಲುವವರೆಗೆ ನಿಂತು, ಊರಿಗೆ ಕಪ್ಪು ತಂದ ಆ ಗೋಲನ್ನು ಅವರಲ್ಲಿ ಒಬ್ಬಳೂ ನೋಡಿರಲಿಲ್ಲ. ಹೆಪ್ಸಿಗೆ ಮೊದಲು ನಗು ಬಂತು. ಅವಳ ನಗು ಬೊಜ್ಜಿನಿಂದ ಶುರುವಾಗಿ ಬೆಂಚನ್ನೇ ಅಲುಗಿಸುವಂಥದ್ದು. ಕೊನೆಗೆ ಸೆಲೀನಾಳೂ ಕಣ್ಣೊರೆಸಿಕೊಂಡು ನಕ್ಕಳು.

"ಯಾರಿಗೂ ಹೇಳೋದು ಬೇಡ," ಎಂದು ಹೆಪ್ಸಿ ಆಣೆ ಹಾಕಿಸಿದಳು. "ಕೇಳಿದ್ರೆ, ಒಬ್ಬ ತಲೇಲಿ ಇಳಿಸಿದ, ಇನ್ನೊಬ್ಬ ಒದ್ದ. ಅಷ್ಟೇ ಸಾಕು."

ಕಪ್ಪು ಊರಿಗೆ ಬಂದ ದಿನ ಅಂಗಡಿ ಬೀದಿಯಲ್ಲಿ ಬ್ಯಾಂಡು ಬಾರಿಸಿದರು. ಗಿರಣಿಯ ಚಿಮಣಿಗಳೂ ಕುಣಿಯುತ್ತಿರುವ ಹಾಗೆ ಕಾಣುತ್ತಿತ್ತು. ಸೆಲೀನಾ ಎಲ್ಲರ ಜೊತೆ ಕೈ ಬೀಸಿದಳು, ಎಲ್ಲರ ಜೊತೆ ಕೂಗಿದಳು. ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ ಅದೇ ಪ್ರಶ್ನೆ ಒಲೆಯ ಮುಂದೆ ಬೆಕ್ಕಿನ ಹಾಗೆ ಕೂತಿರುತ್ತಿತ್ತು. ಲೆಟ್ಟಿಗೆ ಕಂಡಿತೋ ಇಲ್ಲವೋ.

"ಕಂಡಿದ್ರೆ ಬರ್ತಾಳೆ," ಎಂದ ಏಮಸ್.

"ಕಾಣದೇ ಇದ್ರೆ?"

ಏಮಸ್ ಬಹಳ ಯೋಚಿಸಿದ. "ಕಾಣದೇ ಇದ್ರೆ ಬರಲ್ಲ," ಎಂದ.

"ನಿಮ್ಮ ಮೇಸ್ತ್ರಿಗಳ ಬಗ್ಗೆ ಊರವರು ಹೇಳೋದು ಸುಳ್ಳಲ್ಲ," ಎಂದಳು ಸೆಲೀನಾ.

ಮುಂದಿನ ಶುಕ್ರವಾರ ಅವಳು ಹೊಸಿಲು ತಿಕ್ಕಿದಳು. ಎರಡು ಸಲ ತೊಳೆದು, ಗೆರೆಯನ್ನು ದಾರ ಹಿಡಿದ ಹಾಗೆ ನೇರವಾಗಿ ಎಳೆದಳು. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟು ಬಂದು ಹಿಟ್ಟು ಕಲಸಿದಳು. ಇಬ್ಬರಿಗೆ ಸಾಕಾಗುವುದನ್ನು ನಾಲ್ವರಿಗೆ ಕಲಸಿದ್ದನ್ನು ಏಮಸ್ ನೋಡಿದ. ನೋಡಿ ಸುಮ್ಮನಿದ್ದ. ಅಷ್ಟು ಬುದ್ಧಿ ಅವನಿಗಿತ್ತು.

ಕಡುಬು ಒಲೆಯಲ್ಲಿ ಕೆಂಪಗಾಗುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಬರ್ನ್ಲಿಯಲ್ಲಿ ಗೊತ್ತಿದ್ದವರು ಬಾಗಿಲು ತಟ್ಟುವುದಿಲ್ಲ, ತಳ್ಳಿಕೊಂಡೇ ಬರುತ್ತಾರೆ. ತಟ್ಟುವವರು ಡಾಕ್ಟರು, ಪೊಲೀಸು, ಇಲ್ಲವೇ ಪರವೂರಿನವರು. ಸೆಲೀನಾ ಕಿಟಕಿಯ ಪರದೆ ಸರಿಸಿದಳು. ಹೊಸಿಲಿನಿಂದ ಒಂದು ಹೆಜ್ಜೆ ಆಚೆ, ಬೀದಿಯ ಕಲ್ಲಿನ ಮೇಲೆ ಲೆಟ್ಟಿ ನಿಂತಿದ್ದಳು. ಕೈ ಚಾಚಿ ಬಾಗಿಲು ತಟ್ಟಿದ್ದಳು, ಹೊಸಿಲನ್ನು ಮುಟ್ಟಿರಲಿಲ್ಲ. ಹಿಂದೆ ಡೆನಿಸ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಸೆಲೀನಾ ಗಾಜಿನ ಹಿಂದಿನಿಂದಲೇ ತುಟಿಯಲ್ಲಿ ಕೇಳಿದಳು: "ನಾನು ಹೇಳಿದ್ದು ನಿನಗೆ ಕಾಣ್ತಾ?"

ಲೆಟ್ಟಿ ಇಲ್ಲವೆಂದು ತಲೆಯಾಡಿಸಿದಳು. "'ತಪ್ಪು' ಅನ್ನೋವರೆಗೆ ಕಾಣ್ತು. ಆಮೇಲೆ ಒಬ್ಬ ಕುಳ್ಳ ಅಡ್ಡ ಬಂದ. ಅಷ್ಟರಲ್ಲಿ ನನಗೆ ತಲೆ ಸುತ್ತಿ ಬಂತು, ಡೆನಿಸ್ ಮರದ ನೆರಳಿಗೆ ಕರ್ಕೊಂಡು ಹೋದ. ಯಾರ ತಪ್ಪು ಅಂದೆ ಅಕ್ಕ? ನಿಂದಾ, ನಂದಾ?"

"ಅದೂ ಗೊತ್ತಿಲ್ದೆ ಹೇಗೆ ಬಂದೆ?"

ಲೆಟ್ಟಿ ಗಂಡನ ಕಡೆ ತಿರುಗಿ ಅವನ ಪಕ್ಕೆಗೆ ತಿವಿದಳು. "ಅಕ್ಕ ಕೇಳ್ತಿದ್ದಾಳೆ. ಹೇಗೆ ಬಂದ್ವಿ ಅಂತ. ಹೇಳು."

ಡೆನಿಸ್‌ಗೆ ತುಟಿಮಾತು ಬಾರದು. ಅವನು ಬಾಯ್ಲರಿನವರ ದೊಡ್ಡ ಗಂಟಲಿನಲ್ಲಿ, ಮುಚ್ಚಿದ ಕಿಟಕಿಗೆ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ: "ನಿಮ್ಮವನು ಒದೆಯೋಕೆ ಕಾಲು ಎತ್ತಿದಾಗಲೇ ನನಗೆ ಗೊತ್ತಾಯ್ತು ಅಕ್ಕಾ, ಮುಗೀತು ಅಂತ. ನೋಡೋಕಾಗದೆ ಮುಖ ನಿಮ್ಮ ಕಡೆ ತಿರುಗಿಸ್ದೆ. ನಿಮ್ಮ ಊರಿನ ಗಂಡಸರೆಲ್ಲ ಎಗರ್ತಿದ್ರು. ಅದರ ಮಧ್ಯೆ ನೀವೊಬ್ರು ಚೆಂಡಿನ ಕಡೆ ನೋಡ್ದೆ ಇವಳನ್ನೇ ನೋಡ್ತಿದ್ರಿ. ರೈಲಲ್ಲಿ ಇವಳಿಗೆ ಹೇಳ್ದೆ. ನಿಮ್ಮಕ್ಕ ಏನಂದ್ರೋ ನನಗೆ ತಿಳೀಲಿಲ್ಲ. ಆದ್ರೆ ತಮ್ಮ ಊರಿನ ಗೋಲು ಬಿಟ್ಟು ನಿನ್ನ ನೋಡಿದವರು ಕೆಟ್ಟದ್ದಂತೂ ಅಂದಿರಲ್ಲ ಅಂತ."

ಎದುರು ಮನೆಯ ಪರದೆ ಅಲುಗಿತು. ಪಕ್ಕದ ಮನೆಯದೂ ಅಲುಗಿತು. ಹೆಪ್ಸಿಗೆ ಪರದೆಯ ತಾಳ್ಮೆ ಇರಲಿಲ್ಲ, ಬಾಗಿಲಿಗೇ ಬಂದು ನಿಂತಿದ್ದಳು.

ಸೆಲೀನಾ ಬಾಗಿಲು ತೆರೆದಳು. ಈ ಸಲ ದನಿಯೆತ್ತಿ ಹೇಳಿದಳು. ಅವಳ ದನಿ ಇಷ್ಟು ದೊಡ್ಡದಿದೆ ಎಂದು ಬೀದಿಗೆ ಅಂದೇ ತಿಳಿದದ್ದು.

"ತಪ್ಪು ನಂದು ಅಂದೆ. ಹೊಸಿಲು ನಿನ್ನದು ಅಂದೆ. ಬಂದು ತುಳಿ ಅಂದೆ."

ಲೆಟ್ಟಿ ಕೆಳಗೆ ನೋಡಿದಳು. ಮಲ್ಲಿಗೆಯ ಎಸಳಿನಷ್ಟು ಬಿಳಿಯ ಗೆರೆ. ಅಭ್ಯಾಸಬಲದಿಂದ ದಾಟಲು ಲಂಗ ಎತ್ತಿದಳು. ಆದರೆ ಆ ಹೊಟ್ಟೆ ಹೊತ್ತುಕೊಂಡು ಅಷ್ಟಗಲದ ಕಲ್ಲನ್ನು ದಾಟುವುದು ಎಲ್ಲಿ ಬಂತು. ಅವಳು ಒಂದು ಕಾಲಿಟ್ಟಳು. ಆಮೇಲೆ ಇನ್ನೊಂದನ್ನೂ ಇಟ್ಟಳು. ನಿಲ್ದಾಣದಿಂದ ನಡೆದು ಬಂದ ಕೆಸರಿನ ಜೋಡು, ಎರಡೂ ಸಮನಾಗಿ, ಸೆಲೀನಾಳ ಗೆರೆಯ ನಟ್ಟನಡುವೆ. ಅಲ್ಲೇ ನಿಂತುಕೊಂಡು ಅಕ್ಕನ ಕುತ್ತಿಗೆಗೆ ಕೈ ಹಾಕಿದಳು. ಅವಳು ಹೆದರಿದ್ದ ಹಾಗೆಯೇ ಅಕ್ಕ ಅತ್ತಳು.

"ನೋಡಿದ್ಯಾ, ಇದಕ್ಕೇ ನಾನು ಹೇಳದೇ ಇದ್ದಿದ್ದು," ಎಂದಳು ಲೆಟ್ಟಿ, ತಾನೂ ಅಳುತ್ತ.

"ಹೊಸಿಲ ಮೇಲೆ ನಿಂತು ಅಳ್ಬಾರ್ದು ಕಣ್ರೇ, ಕೆಸರು ಕರಗಿ ಹರಡುತ್ತೆ," ಎಂದಳು ಹೆಪ್ಸಿ ಬೀದಿಯಾಚೆಯಿಂದ.

ಡೆನಿಸ್ ಮಾತ್ರ ಬಹಳ ಎಚ್ಚರದಿಂದ, ಕಾಲು ಉದ್ದಕ್ಕೆ ಚಾಚಿ ದಾಟಿ ಒಳಗೆ ಬಂದ. ಅಷ್ಟನ್ನು ಅವನು ಮೂರು ವರ್ಷದ ಹಿಂದೆ ಈ ಊರಿನಲ್ಲಿ ಕಲಿತುಕೊಂಡಿದ್ದ.

ಊಟವಾಯಿತು. ಏಮಸ್ ಅಟ್ಟ ಹತ್ತಿ, ಆಲೂಗಡ್ಡೆಯನ್ನೆಲ್ಲ ಚೀಲಕ್ಕೆ ಸುರಿದು ತೊಟ್ಟಿಲನ್ನು ಇಳಿಸಿದ. ಸೆಲೀನಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮೂಲೆಯಲ್ಲಿ ಮೊಳಕೆಯೊಡೆದ ಒಂದು ಆಲೂಗಡ್ಡೆ ಉಳಿದಿತ್ತು, ಲೆಟ್ಟಿ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಏಮಸ್‌ನ ಕಣ್ಣು ಅದರ ಮೇಲೆ ಬಿತ್ತು.

"ಇದು ಚೆಂಡು ಅಂದ್ಕೊಳ್ಳಿ," ಎಂದ. ಉಪ್ಪಿನ ಬಟ್ಟಲನ್ನೂ ಚಹಾ ಪಾತ್ರೆಯನ್ನೂ ಎಳೆದುಕೊಂಡು ಗೋಲುಕಂಬ ಮಾಡಿದ. "ಡೆನಿಸ್, ನೀನೂ ಪೂರ್ತಿ ನೋಡಿಲ್ಲ ಅಂದೆ. ಇವರಿಬ್ಬರೂ ನೋಡಿಲ್ಲ. ಬೀದಿಯ ಹೆಂಗಸರು ಯಾರೂ ನೋಡಿಲ್ಲ ಅಂತ ನನಗೆ ರೈಲಲ್ಲೇ ಗೊತ್ತಾಗಿತ್ತು. ಅಂದ್ರೆ ಈ ಮನೇಲಿ ಗೋಲು ನೋಡಿದವನು ನಾನೊಬ್ನೇ. ಈಗ ಎಲ್ಲರೂ ಬಾಯಿ ಮುಚ್ಕೊಂಡು ಕೇಳ್ಬೇಕು."

ಅವನು ಶುರುಮಾಡಿದ. ಚೆಂಡು ಬಲಗಡೆಯಿಂದ ಬಂತು. ಒಬ್ಬ ತಲೆಯಲ್ಲಿ ಇಳಿಸಿದ. ಆಲೂಗಡ್ಡೆ ಗಾಳಿಯಲ್ಲಿ ನಿಂತಿತು, ಅಲ್ಲಿಂದ ಹಿಂದಕ್ಕೆ ಹೋಗಿ ಮತ್ತೆ ಬಂತು, ಯಾಕೆಂದರೆ ಅವನು ಒಂದು ವಿಷಯ ಮರೆತಿದ್ದ.

ಲೆಟ್ಟಿ ಮೇಜಿನಾಚೆಯಿಂದ ಅಕ್ಕನಿಗೆ ತುಟಿಯಲ್ಲಿ ಹೇಳಿದಳು: "ನಿನಗೇನಾದ್ರೂ ಅರ್ಥ ಆಯ್ತಾ?"

"ಇಲ್ಲ," ಎಂದಳು ಸೆಲೀನಾ, ಹಾಗೆಯೇ ತುಟಿಯಲ್ಲಿ. "ವಾರವೆಲ್ಲ ಕೇಳಿದ್ದೀನಿ. ಸುಮ್ನೆ ತಲೆ ಆಡಿಸು."

ಏಮಸ್ ಆಲೂಗಡ್ಡೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ನಾನೂ ಅದೇ ಶೆಡ್ಡಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡ್ತಿದ್ದೀನಿ ಅನ್ನೋದು ನೆನಪಿರ್ಲಿ," ಎಂದ. "ಈಗ ಮೊದಲಿಂದ ಹೇಳ್ತೀನಿ."